ಸರ್ಜರಿ ಸೀಟು ಆರಿಸುವ ಮುನ್ನ, ಅಲ್ಲಿ ಆಪರೇಷನ್ ಮಾಡುವವರು ಯಾರೆಂದು ಕೇಳಿ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯವಳು. ಎಂ.ಬಿ.ಬಿ.ಎಸ್.ನ ಕೊನೆಯ ಆಸ್ಪತ್ರೆ ತರಬೇತಿ, ಹೌಸ್ ಸರ್ಜನ್ಸಿ, ಮುಗಿಯುತ್ತಾ ಬಂದಿದೆ. ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಪಿ.ಜಿ.ಯಲ್ಲಿ ಹನ್ನೆರಡು ಸಾವಿರದ ಆಸುಪಾಸಿನ ರ‍್ಯಾಂಕ್ ಬಂದಿದೆ. ಜನರಲ್ ಸರ್ಜರಿ ಓದಿ ಮುಂದೆ ಪ್ಲಾಸ್ಟಿಕ್ ಸರ್ಜನ್ ಆಗಬೇಕೆಂಬ ಆಸೆ. ಜಿಲ್ಲಾ ಕೇಂದ್ರವೊಂದರ ಸರ್ಕಾರಿ ಕಾಲೇಜಿನಲ್ಲಿ ಎಂ.ಎಸ್. (ಸರ್ಜರಿಯ ಸ್ನಾತಕೋತ್ತರ ಪದವಿ) ಸೀಟು ಸಿಗಬಹುದು ಎನ್ನುತ್ತಾರೆ. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದರಲ್ಲಿ ಅದೇ ಮಟ್ಟದ ಡಿ.ಎನ್.ಬಿ. ಪದವಿಯ ಸೀಟು ಸಿಗುವ ಸಂಭವವೂ ಇದೆ. ಇನ್ನೊಂದು ವರ್ಷ ಓದಿ ಹೆಸರಾಂತ ಕಾಲೇಜಿಗೇ ಹೋಗು ಎಂದು ಗೆಳತಿಯರು ಹೇಳುತ್ತಾರೆ. ಹೆಣ್ಣುಮಕ್ಕಳಿಗೆ ಸರ್ಜರಿ ಬೇಡ, ರೇಡಿಯಾಲಜಿಯೋ ಚರ್ಮರೋಗವೋ ಸಿಗುವವರೆಗೆ ಕಾಯೋಣ ಎನ್ನುವುದು ಅಪ್ಪನ ಮಾತು. ನಾನೇನು ಮಾಡಲಿ?

ಉತ್ತರ: ಎರಡು ಲಕ್ಷಕ್ಕೂ ಹೆಚ್ಚು ಮಂದಿ ಬರೆಯುವ ಪರೀಕ್ಷೆ ಇದು. ವಾರ್ಡಿನ ಡ್ಯೂಟಿ ಮಾಡಿಕೊಂಡು, ಅದರ ನಡುವೆ ಓದಿ ಈ ರ‍್ಯಾಂಕ್ ತೆಗೆದಿದ್ದೀರಿ. ಮೊದಲು ಅದಕ್ಕೆ ಅಭಿನಂದನೆ. ನಿಮ್ಮ ಪತ್ರದ ಧಾಟಿ ನೋಡಿದರೆ ಮನೆಯಲ್ಲಿ ಈ ಮಾತನ್ನು ಯಾರೂ ಇನ್ನೂ ಹೇಳಿದಂತಿಲ್ಲ.

ನಿಮ್ಮ ಮೂಲ ಪತ್ರ ನಾಲ್ಕು ಪುಟದ್ದು. ಇಲ್ಲಿ ಅದರ ಸಾರಾಂಶ ಮಾತ್ರ ಅಚ್ಚಾಗಿದೆ. ಆ ನಾಲ್ಕು ಪುಟಗಳಲ್ಲಿ ಕಾಲೇಜುಗಳ ಹೆಸರು ಮತ್ತೆ ಮತ್ತೆ ಬಂದಿವೆ. ಕಟ್ಟಡ, ಊರು, ಹಾಸ್ಟೆಲು, ಹಿಂದಿನ ವರ್ಷದ ಕೊನೆಯ ರ‍್ಯಾಂಕು, ಎಲ್ಲವೂ ಇವೆ. ಮೂರು ವರ್ಷ ಅಲ್ಲಿ ನಿಮ್ಮ ಕೈಗೆ ಏನು ಕೆಲಸ ಸಿಗುತ್ತದೆ ಎಂಬ ಪ್ರಶ್ನೆ ಮಾತ್ರ ಒಂದು ಸಾಲಿನಲ್ಲೂ ಇಲ್ಲ. ನಾನು ಇಪ್ಪತ್ತೆಂಟು ವರ್ಷ ಸರ್ಕಾರಿ ಕಾಲೇಜುಗಳಲ್ಲಿ ಸರ್ಜರಿ ಕಲಿಸಿದವಳು. ನನ್ನ ಮಟ್ಟಿಗೆ ಉಳಿದೆಲ್ಲ ಪ್ರಶ್ನೆಗಳಿಗೆ ಉತ್ತರ ಹುಟ್ಟುವುದು ಇದೊಂದು ಪ್ರಶ್ನೆಯಿಂದ. ಸರ್ಜರಿ ಕೈಯ ವಿದ್ಯೆ. ಪುಸ್ತಕ ಎಲ್ಲ ಊರಿನಲ್ಲೂ ಒಂದೇ. ಕೈಗೆ ಸಿಗುವ ಕೆಲಸ ಮಾತ್ರ ಊರಿಂದ ಊರಿಗೆ, ಅಷ್ಟೇಕೆ, ಒಂದೇ ಆಸ್ಪತ್ರೆಯಲ್ಲಿ ಒಂದು ಯೂನಿಟ್‌ನಿಂದ ಇನ್ನೊಂದು ಯೂನಿಟ್‌ಗೆ ಬೇರೆಯಾಗುತ್ತದೆ.

ಪ್ರತಿ ಆಪರೇಷನ್ ಥಿಯೇಟರಿನ ಬಾಗಿಲ ಬಳಿ ಒಂದು ಉದ್ದನೆಯ ರಿಜಿಸ್ಟರ್ ಇರುತ್ತದೆ. ದಿನಾಂಕ, ರೋಗಿಯ ಹೆಸರು, ಒಳರೋಗಿ (ಐ.ಪಿ.) ನಂಬರು, ರೋಗ, ಮಾಡಿದ ಶಸ್ತ್ರಚಿಕಿತ್ಸೆ, ಸರ್ಜನ್, ಅಸಿಸ್ಟೆಂಟ್, ಕೊಟ್ಟ ಅರಿವಳಿಕೆ. ಹೌಸ್ ಸರ್ಜನ್ ಆಗಿ ನೀವೂ ಅದನ್ನು ತುಂಬಿಸಿರುತ್ತೀರಿ. ಹರ್ನಿಯಾ, ಹೈಡ್ರೋಸೀಲ್, ಅಪೆಂಡಿಕ್ಸ್, ಪರ್ಫೊರೇಷನ್ (ಜಠರ ಅಥವಾ ಕರುಳು ತೂತಾಗುವುದು) ಇವುಗಳ ಎದುರು ‘ಸರ್ಜನ್’ ಎಂಬ ಕಲಮಿನಲ್ಲಿ ಪಿ.ಜಿ.ಯ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಯ, ಹೆಸರು ಎಷ್ಟು ಸಲ ಬರುತ್ತದೆ, ‘ಅಸಿಸ್ಟೆಂಟ್’ ಕಲಮಿನಲ್ಲಿ ಅಧ್ಯಾಪಕರ ಹೆಸರು ಎಷ್ಟು ಸಲ ಬರುತ್ತದೆ? ಆ ವಿಭಾಗದ ಯೋಗ್ಯತೆ ತಿಳಿಯಲು ನನಗೆ ಇಷ್ಟು ಸಾಕು. ಹೊರಗಿನವರಾದ ನಿಮಗೆ ಆ ರಿಜಿಸ್ಟರನ್ನು ತೋರಿಸುವುದಿಲ್ಲ. ಅದರಲ್ಲಿ ರೋಗಿಗಳ ವಿವರಗಳಿರುವುದರಿಂದ ತೋರಿಸಲೂಬಾರದು. ಆದರೆ ಎರಡನೆಯ ವರ್ಷದ ಪಿ.ಜಿ.ಯ ಬಳಿ ಲಾಗ್‌ಬುಕ್ ಇರುತ್ತದೆ. ಅದರಲ್ಲಿ ತಾನು ಎಷ್ಟು ಮಾಡಿದೆ, ಎಷ್ಟಕ್ಕೆ ಕೈಜೋಡಿಸಿದೆ ಎಂಬುದನ್ನು ಅವರೇ ಬಾಯಿಮಾತಿನಲ್ಲಿ ಹೇಳಬಲ್ಲರು.

ಹಾಗಾಗಿ ಆಯ್ಕೆಗಳನ್ನು ನಮೂದಿಸುವ ಮೊದಲು ಬಸ್ಸು ಹತ್ತಿ. ನಿಮ್ಮ ಪಟ್ಟಿಯ ಮೇಲಿನ ನಾಲ್ಕೈದು ಆಸ್ಪತ್ರೆಗಳಿಗಾದರೂ ಹೋಗಿ ಬನ್ನಿ. ಪ್ರಾಂಶುಪಾಲರ ಕಚೇರಿಗಾಗಲಿ ಸ್ವಾಗತ ಕೌಂಟರಿಗಾಗಲಿ ಹೋಗಬೇಕಿಲ್ಲ. ಸಂಜೆ ಏಳರ ಮೇಲೆ ಸರ್ಜರಿ ವಾರ್ಡಿನ ಹೊರಗೆ ನಿಂತರೆ ರೌಂಡ್ಸ್ ಮುಗಿಸಿ ಚಹಾಕ್ಕೆ ಹೊರಟ ಪಿ.ಜಿ. ಒಬ್ಬರು ಸಿಕ್ಕೇ ಸಿಗುತ್ತಾರೆ. ‘ನಾನು ಈ ಸಲ ಇಲ್ಲಿಗೆ ಬರಬೇಕೆಂದಿದ್ದೇನೆ’ ಎಂದು ಹೇಳಿ. ಯಾವ ಪಿ.ಜಿ.ಯೂ ಈ ಮಾತಿಗೆ ಮುಖ ತಿರುಗಿಸುವುದಿಲ್ಲ. ತಾನೂ ಒಂದು ದಿನ ಹೀಗೆಯೇ ನಿಂತವರು ಅವರು.

ಅವರನ್ನು ಮೊದಲು ಹೀಗೆ ಕೇಳಿ: ಕಳೆದ ವಾರ ನೀವೇ ಸ್ವತಃ ಮಾಡಿದ ಆಪರೇಷನ್ ಯಾವುದು? ‘ಇಲ್ಲಿ ಕೇಸುಗಳು ತುಂಬಾ ಇವೆ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಕೇಸು ಆಸ್ಪತ್ರೆಗೆ ಬರುವುದು ಬೇರೆ, ಪಿ.ಜಿ.ಯ ಕೈಗೆ ಬರುವುದು ಬೇರೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಮುನ್ನೂರು ಹರ್ನಿಯಾ ಆಗುವ ಆಸ್ಪತ್ರೆ ಇದೆ ಎಂದುಕೊಳ್ಳೋಣ. ಅಲ್ಲಿ ವರ್ಷಕ್ಕೆ ಐದು ಪಿ.ಜಿ. ಸೀಟುಗಳಿದ್ದರೆ ಮೂರು ವರ್ಷಗಳ ಮೂರು ತಂಡ ಸೇರಿ ಹದಿನೈದು ಮಂದಿ. ಪ್ರತಿಯೊಬ್ಬರ ಪಾಲಿಗೆ ಇಪ್ಪತ್ತು. ಅದೇ ಆಸ್ಪತ್ರೆಯಲ್ಲಿ ಸೀಟು ಹದಿನೈದಕ್ಕೆ ಏರಿದರೆ ನಲವತ್ತೈದು ಮಂದಿ, ಪಾಲಿಗೆ ಆರೇಳು. ಅದರಲ್ಲೂ ಅಧ್ಯಾಪಕರು ಮಾಡುವ ಕೇಸುಗಳನ್ನು ಕಳೆಯಬೇಕು. ಈಚಿನ ವರ್ಷಗಳಲ್ಲಿ ಸೀಟುಗಳು ಭರದಿಂದ ಹೆಚ್ಚಿವೆ. ಆದರೆ ಆಸ್ಪತ್ರೆಗೆ ಬರುವ ರೋಗಿಗಳು ಅದೇ ವೇಗದಲ್ಲಿ ಹೆಚ್ಚಲಿಲ್ಲ. ‘ದೊಡ್ಡ ವಿಭಾಗ, ಸೀಟು ಬಹಳ’ ಎಂಬುದನ್ನು ಹೊಗಳಿಕೆಯಂತೆ ಹೇಳುವವರು ಈ ಭಾಗಾಕಾರ ಮಾಡಿರುವುದಿಲ್ಲ.

ಎರಡನೆಯ ಪ್ರಶ್ನೆ ನನಗೆ ಇನ್ನೂ ಮುಖ್ಯ. ರಾತ್ರಿ ಎರಡು ಗಂಟೆಗೆ ಪರ್ಫೊರೇಷನ್ ಬಂದರೆ ಯಾರು ಸ್ಕ್ರಬ್ ಆಗಿ (ಕೈ ತೊಳೆದು, ಗೌನು ತೊಟ್ಟು) ಮೇಜಿನ ಬಳಿ ನಿಲ್ಲುತ್ತಾರೆ?

ಇದಕ್ಕೆ ಸರಿಯಾದ ಉತ್ತರ ಹೇಗಿರುತ್ತದೆ ಎಂದು ನಾನು ಕಂಡ ಒಂದು ರಾತ್ರಿಯಿಂದ ಹೇಳುತ್ತೇನೆ. ಮೊಣಕಾಲು ನೋವಿಗೆಂದು ಅಂಗಡಿಯ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದ್ದ ರೈತರೊಬ್ಬರು ಬಂದರು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯ ಕೆಳಗೆ ಕಪ್ಪು ಗಾಳಿಯ ಅರ್ಧಚಂದ್ರ. ಎರಡನೆಯ ವರ್ಷದ ಹುಡುಗಿ ಮೊದಲು ಸಲೈನು, ಮೂಗಿನ ನಳಿಕೆ, ಮೂತ್ರದ ನಳಿಕೆ, ಆಂಟಿಬಯಾಟಿಕ್ ಎಲ್ಲವನ್ನೂ ಕ್ರಮವಾಗಿ ಮುಗಿಸಿಯೇ ಚಾಕು ಮುಟ್ಟಿದಳು. ಹೊಟ್ಟೆ ತೆರೆದಾಗ ಪಿತ್ತ ಬೆರೆತ ಹಸಿರು ನೀರು. ಸಣ್ಣ ಕರುಳಿನ ಮೊದಲ ಭಾಗವಾದ ಡುವೊಡಿನಮ್‌ನ ಮುಂಭಾಗದಲ್ಲಿ ತೊಗರಿಬೇಳೆಯಷ್ಟು ತೂತು. ಅವಳು ಮೂರು ಹೊಲಿಗೆ ಹಾಕಿ, ಕರುಳಿನ ಮೇಲೆ ಹೊದಿಕೆಯಂತಿರುವ ಒಮೆಂಟಮ್ ಕೊಬ್ಬಿನ ಒಂದು ತುಂಡನ್ನು ರಕ್ತನಾಳ ಕಡಿಯದಂತೆ ಎಳೆದು ತಂದು, ತೂತಿನ ಮೇಲೆ ಕೂರಿಸಿ ಗಂಟು ಹಾಕಿದಳು. ಎದುರು ಬದಿಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ನಿಂತಿದ್ದರು. ಅವರು ಮಾತನಾಡಿದ್ದು ಎರಡೇ ಸಲ. ‘ಗಂಟು ಅಷ್ಟು ಬಿಗಿ ಬೇಡ, ಒಮೆಂಟಮ್ ಸಾಯುತ್ತದೆ’ ಎಂದು ಒಮ್ಮೆ. ‘ತೊಳೆಯುವುದಕ್ಕೆ ಅವಸರ ಮಾಡಬೇಡ’ ಎಂದು ಇನ್ನೊಮ್ಮೆ. ಬೆಚ್ಚಗಿನ ಸಲೈನು ಲೀಟರುಗಟ್ಟಲೆ ಸುರಿದು, ವಪೆಯ ಕೆಳಗೆ, ಕಿಬ್ಬೊಟ್ಟೆಯಲ್ಲಿ, ಎಲ್ಲ ಮೂಲೆಗಳನ್ನೂ ತೊಳೆದು ಅವಳು ಹೊಟ್ಟೆ ಮುಚ್ಚುವಾಗ ಬೆಳಕು ಹರಿದಿತ್ತು.

ಕೆಲಸ ಮಾಡಿದ್ದು ಕಲಿಯುವವಳು, ಹೊಣೆ ಹೊತ್ತು ಎದುರಿಗೆ ನಿಂತಿದ್ದು ಕಲಿಸುವವರು. ಇದರಲ್ಲಿ ಒಂದು ತಪ್ಪಿದರೂ ಆ ಸೀಟು ಬೇಡ. ಅಧ್ಯಾಪಕರೇ ಎಲ್ಲವನ್ನೂ ಮಾಡಿ ಪಿ.ಜಿ.ಗಳಿಗೆ ಬರೀ ಗಾಯವನ್ನು ಅಗಲಿಸುವ ರಿಟ್ರ್ಯಾಕ್ಟರ್ ಹಿಡಿಸುವ ಕಡೆ ನಿಮ್ಮ ಕೈ ಬೆಳೆಯುವುದಿಲ್ಲ. ‘ನಮ್ಮಲ್ಲಿ ರಾತ್ರಿ ಯಾರೂ ಬರುವುದಿಲ್ಲ, ಎಲ್ಲವನ್ನೂ ನಾವೇ ಮಾಡಿಕೊಳ್ಳುತ್ತೇವೆ’ ಎಂದು ಪಿ.ಜಿ. ಹೆಮ್ಮೆಯಿಂದ ಹೇಳಿದರೆ ಅದು ಇನ್ನೂ ಕೆಟ್ಟದ್ದು. ಕೇಳಲು ಅದು ಸ್ವಾತಂತ್ರ್ಯದಂತಿರುತ್ತದೆ. ಆದರೆ ತಪ್ಪು ಹೆಜ್ಜೆಯನ್ನು ಯಾರೂ ತಿದ್ದದಿದ್ದರೆ ಆ ತಪ್ಪು ನಿಮ್ಮ ಕೈಯಲ್ಲಿ ರೂಢಿಯಾಗಿ ಕುಳಿತುಬಿಡುತ್ತದೆ. ಅದರ ಬೆಲೆ ಕೊಡುವವರು ಮೇಜಿನ ಮೇಲೆ ಮಲಗಿದ ಬಡವರು. ನನ್ನ ವೃತ್ತಿಯಲ್ಲಿ ನನಗೆ ನಿದ್ದೆಗೆಡಿಸಿದ ಸಂಗತಿಗಳಲ್ಲಿ ಇದೇ ಮೊದಲನೆಯದು.

ಇದರ ಜೊತೆಗೇ ಕೇಳಿ: ರಾತ್ರಿ ಅರಿವಳಿಕೆ ತಜ್ಞರು ಒಳಗೇ ಇರುತ್ತಾರೆಯೇ? ರಕ್ತನಿಧಿ ಆವರಣದಲ್ಲೇ ಇದೆಯೇ? ಸಿ.ಟಿ. ಯಂತ್ರ ಭಾನುವಾರ ನಡೆಯುತ್ತದೆಯೇ? ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಪಿ.ಜಿ. ಕ್ಯಾಮೆರಾ ಹಿಡಿಯುವುದರಿಂದ ಮುಂದಕ್ಕೆ ಯಾವಾಗ ಹೋಗುತ್ತಾರೆ? ಇವು ಸಣ್ಣ ವಿಷಯಗಳಲ್ಲ. ಅರಿವಳಿಕೆ ತಜ್ಞರಿಲ್ಲದ ಆಸ್ಪತ್ರೆಯಲ್ಲಿ ರಾತ್ರಿಯ ಕೇಸುಗಳೆಲ್ಲ ಆಂಬುಲೆನ್ಸ್ ಹತ್ತಿ ಬೇರೆ ಊರಿಗೆ ಹೋಗುತ್ತವೆ. ನಿಮ್ಮ ಪಾಲಿಗೆ ಉಳಿಯುವುದು ರೆಫರಲ್ ಚೀಟಿ ಬರೆಯುವ ಕೆಲಸ.

ಮೂರನೆಯ ಪ್ರಶ್ನೆಯನ್ನು ಮೆಲ್ಲಗೆ ಕೇಳಿ: ಕಳೆದ ಎರಡು ಮೂರು ವರ್ಷಗಳಲ್ಲಿ ಯಾರಾದರೂ ಕೋರ್ಸ್ ಬಿಟ್ಟು ಹೋದರೇ? ಏಕೆ ಹೋದರು? ಒಬ್ಬರು ಹೋಗಿದ್ದರೆ ಅದು ಅವರ ಸ್ವಂತ ಕಾರಣವಿರಬಹುದು. ಸಾಲಾಗಿ ಮೂವರು ಹೋಗಿದ್ದರೆ ವಿಭಾಗದಲ್ಲಿ ಏನೋ ಕೊಳೆತಿದೆ. ಎದುರಿಗಿರುವವರ ಮುಖ ನೋಡಿ. ಮಾತಿಗಿಂತ ಮೊದಲು ಮುಖವೇ ಹೇಳುತ್ತದೆ. ಮಹಿಳಾ ಪಿ.ಜಿ. ಸಿಕ್ಕರೆ ಡ್ಯೂಟಿ ರೂಮು ತೋರಿಸಿ ಎನ್ನಿ. ಹೆಣ್ಣುಮಕ್ಕಳಿಗೆ ಬೇರೆ ಡ್ಯೂಟಿ ರೂಮು ಇದೆಯೇ, ಅದರ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ಶೌಚಾಲಯ ಎಷ್ಟು ದೂರ, ವಾರ್ಡಿನಿಂದ ಥಿಯೇಟರಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ ಉರಿಯುತ್ತದೆಯೇ? ನಾನು ಪಿ.ಜಿ. ಆಗಿದ್ದಾಗ ಹೆಣ್ಣುಮಕ್ಕಳಿಗೆ ಅಂಥ ಕೋಣೆಯೇ ಇರಲಿಲ್ಲ. ಹೆರಿಗೆ ವಾರ್ಡಿನ ಸಿಸ್ಟರುಗಳು ತಮ್ಮ ಕೋಣೆಯ ಮೂಲೆಯಲ್ಲಿ ನನಗೊಂದು ಚಾಪೆ ಹಾಸಿ ಕೊಡುತ್ತಿದ್ದರು. ಅವರ ಋಣ ದೊಡ್ಡದು. ಆದರೆ ನಿಮ್ಮ ಕಾಲದಲ್ಲಿ ಯಾರೂ ಹಾಗೆ ಕಷ್ಟಪಡಬೇಕಾಗಿಲ್ಲ. ಕೇಳಲು ಸಂಕೋಚ ಬೇಡ.

ಇನ್ನು ನೀವು ಮುಂದಿಟ್ಟ ಮೂರು ದಾರಿಗಳು.

ಒಂದು ವರ್ಷ ಬಿಡುವುದನ್ನು ನಾನು ಒಪ್ಪುವುದಿಲ್ಲ. ರೇಡಿಯಾಲಜಿಯೇ ಬೇಕು ಎನ್ನುವವರು ಬಿಡಲಿ, ಅದಕ್ಕೆ ಅರ್ಥವಿದೆ. ಮೇಲಿನ ರ‍್ಯಾಂಕಿನವರು ಬಹಳಷ್ಟು ಮಂದಿ ಇವತ್ತು ರೇಡಿಯಾಲಜಿ, ಮೆಡಿಸಿನ್, ಚರ್ಮರೋಗದ ಕಡೆ ಹೋಗುತ್ತಿದ್ದಾರೆ. ಹಾಗಾಗಿ ಸರ್ಜರಿ ಬೇಕೆನ್ನುವ ನಿಮಗೆ ಈಗಿನ ರ‍್ಯಾಂಕಿನಲ್ಲೇ ಬಾಗಿಲು ತೆರೆದಿದೆ. 200 ಪ್ರಶ್ನೆಗಳ, 800 ಅಂಕಗಳ ಅದೇ ಪರೀಕ್ಷೆಗೆ ಮತ್ತೊಂದು ವರ್ಷ ಕೋಣೆಯಲ್ಲಿ ಕುಳಿತು ಓದಿದರೆ ರ‍್ಯಾಂಕ್ ಏರಬಹುದು, ಇಳಿಯಲೂಬಹುದು. ಎರಡನ್ನೂ ಕಣ್ಣಾರೆ ಕಂಡಿದ್ದೇನೆ. ಆ ಒಂದು ವರ್ಷದಲ್ಲಿ ಸರ್ಕಾರಿ ಆಸ್ಪತ್ರೆಯ ಮೊದಲ ವರ್ಷದ ಪಿ.ಜಿ. ಬಾವು ಕೊಯ್ಯುವುದು, ಗಾಯ ಹೊಲಿಯುವುದು, ಎದೆಗೆ ನಳಿಕೆ ಹಾಕುವುದು ಇವೆಲ್ಲವನ್ನೂ ಕೈಗೆ ಹತ್ತಿಸಿಕೊಂಡಿರುತ್ತಾಳೆ. ಇನ್ನೊಂದು ಮಾತು: ಏಮ್ಸ್, ಜಿಪ್ಮರ್, ನಿಮ್ಹಾನ್ಸ್ ಮುಂತಾದ ಸಂಸ್ಥೆಗಳಿಗೆ ಐ.ಎನ್.ಐ.-ಸಿ.ಇ.ಟಿ. ಎಂಬ ಬೇರೆ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಹೆಸರಾಂತ ಸಂಸ್ಥೆಯೇ ಬೇಕೆಂಬ ಹಂಬಲವಿದ್ದರೆ ಅದನ್ನೂ ಬರೆಯಿರಿ. ಅದಕ್ಕಾಗಿ ವರ್ಷಪೂರ್ತಿ ಕಾಯಬೇಡಿ.

ಡಿ.ಎನ್.ಬಿ.ಯ ಬಗ್ಗೆ ಜನ ಸುಮ್ಮನೆ ಹಗುರವಾಗಿ ಮಾತನಾಡುತ್ತಾರೆ. ಎಂ.ಎಸ್.ಗೆ ಸಮಾನವೆಂದು ಮಾನ್ಯತೆ ಪಡೆದ ಪದವಿ ಅದು. ಅದರ ಅಂತಿಮ ಪರೀಕ್ಷೆ ರಾಷ್ಟ್ರಮಟ್ಟದ್ದು, ಸುಲಭವೂ ಅಲ್ಲ. ಒಳ್ಳೆಯ ಡಿ.ಎನ್.ಬಿ. ಆಸ್ಪತ್ರೆಯಲ್ಲಿ ಲ್ಯಾಪರೊಸ್ಕೋಪಿ, ಐ.ಸಿ.ಯು. ಶಿಸ್ತು, ದಾಖಲೆ ಬರೆಯುವ ಕ್ರಮ ಇವೆಲ್ಲ ನಮ್ಮ ಸರ್ಕಾರಿ ಆಸ್ಪತ್ರೆಗಳಿಗಿಂತ ಚೆನ್ನಾಗಿರುತ್ತವೆ. ನನ್ನ ಅಳುಕು ಒಂದೇ. ಲಕ್ಷಗಟ್ಟಲೆ ಹಣ ಕೊಟ್ಟು, ಇಂಥ ಡಾಕ್ಟರೇ ಆಪರೇಷನ್ ಮಾಡಬೇಕೆಂದು ಬಂದ ರೋಗಿಯ ಮೇಲೆ ಪಿ.ಜಿ. ಕೈ ಇಡುವುದು ಕಷ್ಟ. ಆ ರೋಗಿಯ ನಿರೀಕ್ಷೆಯೂ ನ್ಯಾಯವೇ. ಧರ್ಮಾರ್ಥ ವಾರ್ಡು ಇರುವ ಆಸ್ಪತ್ರೆಯಾದರೆ, ಅಥವಾ ಸರ್ಕಾರಿ ವಿಮೆಯ ರೋಗಿಗಳು ಹೆಚ್ಚು ಬರುವ ಆಸ್ಪತ್ರೆಯಾದರೆ ಮಾತು ಬೇರೆ. ಮೇಲಿನ ಎರಡು ಪ್ರಶ್ನೆಗಳನ್ನು ಅಲ್ಲಿಯೂ ಹೋಗಿ ಕೇಳದೆ ತೀರ್ಮಾನ ಮಾಡಬೇಡಿ.

ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜನ್ನು ನೀವು ಕೊನೆಯ ಆಸರೆ ಎಂಬಂತೆ ಬರೆದಿದ್ದೀರಿ. ನಾನು ಹಾಗೆ ನೋಡುವುದಿಲ್ಲ. ಬಳ್ಳಾರಿ, ಕಲಬುರಗಿ, ಹುಬ್ಬಳ್ಳಿಯಂಥ ಊರುಗಳ ಆಸ್ಪತ್ರೆಗಳಿಗೆ ಸುತ್ತಲಿನ ಮೂರು ನಾಲ್ಕು ಜಿಲ್ಲೆಗಳ ರೋಗಿಗಳು ಬರುತ್ತಾರೆ. ಹುಬ್ಬಳ್ಳಿಯ ಆಸ್ಪತ್ರೆಯನ್ನೇ ತೆಗೆದುಕೊಳ್ಳಿ. ಹೆದ್ದಾರಿಯ ಅಪಘಾತಗಳು, ಗದಗ-ಹಾವೇರಿಯ ಹಳ್ಳಿಗಳ ಕೇಸುಗಳು, ಘಟ್ಟ ಹತ್ತಿ ಬರುವ ಉತ್ತರ ಕನ್ನಡದವರು. ದೀಪಾವಳಿಯ ನಂತರ ಹಾವೇರಿ ಸೀಮೆಯಲ್ಲಿ ಹೋರಿ ಬೆದರಿಸುವ ಸ್ಪರ್ಧೆ ಶುರುವಾದರೆ ಕೊಂಬು ತಿವಿದ ಹೊಟ್ಟೆಗಳು ಬರುತ್ತವೆ. ಹೊರಗೆ ಎರಡು ಬೆರಳಗಲದ ಗಾಯ, ಒಳಗೆ ಕರುಳು ಮೂರು ಕಡೆ ಹರಿದಿರುತ್ತದೆ. ಇಂಥದ್ದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ವಿಕ್ಟೋರಿಯಾ, ಮಂಗಳೂರಿನ ವೆನ್‌ಲಾಕ್ ಇವುಗಳ ಹೆಸರು ನಿಂತಿರುವುದೂ ಇಂಥ ರೋಗಿಗಳಿಂದಲೇ.

ನಿಮಗೆ ಇನ್ನೊಂದು ಅನುಕೂಲವಿದೆ, ಅದನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ. ಆ ಕಡೆಯ ಭಾಷೆ ನಿಮ್ಮದು. ಹೊರರಾಜ್ಯದಿಂದ ಬಂದ ಪಿ.ಜಿ. ಒಬ್ಬರು, ಬಹಳ ಬುದ್ಧಿವಂತರು, ಅಜ್ಜಿಯೊಬ್ಬರು ಹೊಟ್ಟೆನೋವಿಗೆ ‘ಹೊಟ್ಟೆ ಕಡಿತ’ ಎಂದದ್ದನ್ನು ಹುಳು ಕಡಿದಿದೆ ಎಂದು ಕೇಸ್ ಶೀಟಿನಲ್ಲಿ ಬರೆದಿದ್ದರು. ಅಲ್ಲಿ ಆಗುತ್ತಿದ್ದುದು ಕರುಳಿನ ಅಡಚಣೆ. ನೋವು ಬಿಟ್ಟು ಬಿಟ್ಟು ಬರುತ್ತದೆಯೋ, ಒಂದೇ ಸಮನೆ ಇದೆಯೋ ಎಂಬುದನ್ನು ರೋಗಿಯ ಮಾತಿನಿಂದಲೇ ಹಿಡಿಯಬಲ್ಲವರು ಅರ್ಧ ರೋಗನಿರ್ಣಯ ಮುಗಿಸಿದಂತೆ.

ಪ್ಲಾಸ್ಟಿಕ್ ಸರ್ಜರಿಯ ಆಸೆಯ ಬಗ್ಗೆ ಕೇಳಿದ್ದೀರಿ. ಎಂ.ಬಿ.ಬಿ.ಎಸ್. ಆದ ಮೇಲೆ ನೇರವಾಗಿ ಆರು ವರ್ಷದ ಡಿ.ಆರ್.ಎನ್.ಬಿ. (ಸೂಪರ್ ಸ್ಪೆಷಾಲಿಟಿ ಪದವಿ) ಪ್ಲಾಸ್ಟಿಕ್ ಸರ್ಜರಿ ಇದೆ. ಇನ್ನೊಂದು ದಾರಿ ಮೂರು ವರ್ಷ ಎಂ.ಎಸ್., ಅನಂತರ ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆಯಾದ ನೀಟ್ ಎಸ್.ಎಸ್. ಬರೆದು ಮೂರು ವರ್ಷ ಎಂ.ಸಿ.ಎಚ್. (ಸರ್ಜರಿಯ ಸೂಪರ್ ಸ್ಪೆಷಾಲಿಟಿ ಪದವಿ). ಎರಡೂ ಕೂಡಿದರೆ ಆರೇ ವರ್ಷ. ನೇರ ದಾರಿಯಲ್ಲಿ ಮತ್ತೊಂದು ಪ್ರವೇಶ ಪರೀಕ್ಷೆಯ ತಾಪತ್ರಯವಿಲ್ಲ, ಅದು ದೊಡ್ಡ ಲಾಭ. ಆದರೆ ಮೂರು ವರ್ಷವಾದ ಮೇಲೆ ಮನಸ್ಸು ಬದಲಾದರೆ ಕೈಯಲ್ಲಿ ಪದವಿ ಇರುವುದಿಲ್ಲ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಪ್ಲಾಸ್ಟಿಕ್ ಎಂದವರು ಇಪ್ಪತ್ತೇಳಕ್ಕೆ ಯೂರಾಲಜಿ, ಮಕ್ಕಳ ಸರ್ಜರಿ, ಕ್ಯಾನ್ಸರ್ ಸರ್ಜರಿ ಎಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಹಾಗಾಗಿ ನನ್ನ ಮನಸ್ಸು ಎಂ.ಎಸ್. ಕಡೆಗೇ ವಾಲುತ್ತದೆ. ನೀಟ್ ಎಸ್.ಎಸ್.ನಲ್ಲಿ ನೀವು ಬರೆಯುವುದೂ ಸರ್ಜರಿ ಗುಂಪಿನ ಪ್ರಶ್ನೆಪತ್ರಿಕೆಯನ್ನೇ. ಮೂರು ವರ್ಷ ಓದಿದ್ದು ಅಲ್ಲಿಗೇ ಉಪಯೋಗಕ್ಕೆ ಬರುತ್ತದೆ.

ಅಲ್ಲದೆ ಪ್ಲಾಸ್ಟಿಕ್ ಸರ್ಜರಿಯ ಮೊದಲ ಪಾಠ ಸರ್ಕಾರಿ ಆಸ್ಪತ್ರೆಯ ಸಕ್ಕರೆ ಕಾಯಿಲೆಯ ಕಾಲಿನ ವಾರ್ಡಿನಲ್ಲೇ ಸಿಗುತ್ತದೆ. ಎಲ್ಲರೂ ಮೂಗು ಮುಚ್ಚಿಕೊಂಡು ಬೇಗ ದಾಟಿ ಹೋಗುವ ವಾರ್ಡು ಅದು. ನೀವು ದಾಟಬೇಡಿ. ಕೊಳೆತದ್ದನ್ನು ಕತ್ತರಿಸಿ, ದಿನವೂ ಡ್ರೆಸಿಂಗ್ ಮಾಡಿ, ಎರಡು ಮೂರು ವಾರದಲ್ಲಿ ಹುಣ್ಣಿನ ತಳ ಕೆಂಪಗೆ ಹರಳು ಹರಳಾಗಿ ತುಂಬಿದ ಮೇಲೆ ಚರ್ಮ ಕಸಿ ಮಾಡುತ್ತೀರಿ. ತೊಡೆಗೆ ಎಣ್ಣೆ ಸವರಿ, ಸಹಾಯಕರು ಹಲಗೆಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಾಗ, ಚರ್ಮದ ತೆಳು ಪದರ ತೆಗೆಯುವ ಹಂಬಿ ಚಾಕುವನ್ನು ಗರಗಸದಂತೆ ಹಿಂದೆ ಮುಂದೆ ಆಡಿಸುತ್ತಾ ಮುಂದೆ ಸಾಗಬೇಕು. ಒತ್ತಿದರೆ ಚರ್ಮ ದಪ್ಪ ಬರುತ್ತದೆ, ಕೈ ಹಗುರಾದರೆ ಹರಿದು ಚೂರಾಗುತ್ತದೆ. ಸರಿಯಾಗಿ ಬಂದರೆ ಚಾಕುವಿನ ಹಿಂದೆ ಈರುಳ್ಳಿ ಪೊರೆಯಂಥ ಹಾಳೆ ಮಡಚಿಕೊಳ್ಳುತ್ತಾ ಏಳುತ್ತದೆ. ಅದನ್ನು ಹುಣ್ಣಿನ ಮೇಲೆ ಹರಡಿ ಕಟ್ಟು ಹಾಕಿ ಕಾಯಬೇಕು. ಐದನೆಯ ದಿನ ಡ್ರೆಸಿಂಗ್ ಬಿಚ್ಚುವಾಗ ಕೊನೆಯ ಪದರವನ್ನು ಸಲೈನಿನಲ್ಲಿ ನೆನೆಸಿ, ಉಸಿರು ಬಿಗಿಹಿಡಿದು ಎತ್ತುತ್ತೀರಿ. ಕೆಳಗೆ ಗುಲಾಬಿ ಬಣ್ಣ ಕಂಡರೆ ಅದು ಹಿಡಿದಿದೆ. ಮೊದಲ ಸಲ ಆ ಬಣ್ಣ ಕಂಡ ದಿನ ನನಗಿನ್ನೂ ನೆನಪಿದೆ. ಆ ಕಾಲು ಒಬ್ಬ ಹಮಾಲಿಯದ್ದು. ಮೊಣಕಾಲಿನ ಕೆಳಗೆ ಕತ್ತರಿಸಬೇಕೆಂದು ಬೇರೆ ಕಡೆ ಹೇಳಿಸಿಕೊಂಡು ಬಂದವರು ಅವರು. ನಡೆದುಕೊಂಡೇ ಮನೆಗೆ ಹೋದರು.

ಕೌನ್ಸೆಲಿಂಗ್ ವಿಷಯ ಚುಟುಕಾಗಿ ಹೇಳುತ್ತೇನೆ. ಸರ್ಕಾರಿ ಕಾಲೇಜುಗಳ ಅರ್ಧ ಸೀಟುಗಳು ಅಖಿಲ ಭಾರತ ಕೋಟಾದಲ್ಲಿ ಕೇಂದ್ರದ ಎಂ.ಸಿ.ಸಿ. (ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ) ಮೂಲಕ, ಉಳಿದವು ರಾಜ್ಯದ ಕೆ.ಇ.ಎ. (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಹಂಚಿಕೆಯಾಗುತ್ತವೆ. ಡೀಮ್ಡ್ ವಿಶ್ವವಿದ್ಯಾಲಯಗಳು ಮತ್ತು ಡಿ.ಎನ್.ಬಿ. ಎಂ.ಸಿ.ಸಿ.ಯಲ್ಲೇ ಬರುತ್ತವೆ. ಎರಡು ಕಡೆಯೂ ನೋಂದಾಯಿಸಿ. ಆಯ್ಕೆಗಳನ್ನು ನಿಮ್ಮ ಇಷ್ಟದ ಕ್ರಮದಲ್ಲೇ ಬರೆಯಿರಿ. ‘ಇದು ನನಗೆ ಸಿಗಲಿಕ್ಕಿಲ್ಲ’ ಎಂದು ಬೇಕಾದ ಕಾಲೇಜನ್ನು ಕೆಳಗೆ ತಳ್ಳಬೇಡಿ. ಹಂಚಿಕೆಯ ಯಂತ್ರ ನಿಮ್ಮ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ಓದಿಕೊಂಡು ಬಂದು, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಸಿಗದ ಕಾಲೇಜನ್ನು ಮೇಲೆ ಬರೆದ ತಪ್ಪಿಗೆ ಕೆಳಗಿನದ್ದು ಕೈತಪ್ಪುವುದಿಲ್ಲ. ಹಾಗೆಯೇ, ಸಿಕ್ಕರೂ ಸೇರುವುದಿಲ್ಲ ಎನ್ನುವ ಸೀಟನ್ನು ಪಟ್ಟಿಯಲ್ಲಿ ಹಾಕಲೇಬೇಡಿ. ಮೊದಲ ಸುತ್ತಿನ ನಂತರ ಸೀಟು ಬಿಟ್ಟರೆ ಠೇವಣಿ ಕಳೆದುಕೊಳ್ಳುವುದರಿಂದ ಹಿಡಿದು ಹಲವು ತೊಡಕುಗಳಿವೆ. ಆ ವರ್ಷದ ನಿಯಮ ಪುಸ್ತಿಕೆಯನ್ನು ನೀವೇ ಕುಳಿತು ಓದಿ. ಅದರಲ್ಲೇ ಬಾಂಡ್ ಮತ್ತು ಕಡ್ಡಾಯ ಗ್ರಾಮೀಣ ಸೇವೆಯ ವಿವರವೂ ಇರುತ್ತದೆ. ಸೀಟು ಕೊಡಿಸುತ್ತೇನೆಂದು ಫೋನ್ ಮಾಡುವ ಯಾರನ್ನೂ ನಂಬಬೇಡಿ. ಹೊಲ ಮಾರಿ ಖಾಸಗಿ ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಳ್ಳುವ ಯೋಚನೆ ಮನೆಯಲ್ಲಿ ಬಂದಿದ್ದರೆ ದಯವಿಟ್ಟು ಇವತ್ತೇ ಕೈಬಿಡಿ. ನಿಮ್ಮ ರ‍್ಯಾಂಕಿಗೆ ಅದರ ಅಗತ್ಯವಿಲ್ಲ.

ಈಗ ಅಪ್ಪನ ಮಾತು. ಅವರ ಭಯ ಹುಸಿಯಲ್ಲ. ಸರ್ಜರಿಯ ಮೊದಲ ವರ್ಷ ನಿಜಕ್ಕೂ ಕಠಿಣ. ಬೆಳಿಗ್ಗೆ ಐದೂವರೆಗೆ ರಕ್ತ ತೆಗೆಯುವುದರಿಂದ ದಿನ ಶುರು. ಡ್ರೈನ್ ನಳಿಕೆಯಲ್ಲಿ ಹೊರಬಂದದ್ದನ್ನು ಅಳೆಯುವುದು, ಡ್ರೆಸಿಂಗ್, ರೌಂಡ್ಸ್, ಓ.ಪಿ.ಡಿ. ಅಥವಾ ಥಿಯೇಟರ್, ಸಂಜೆ ಮತ್ತೆ ರೌಂಡ್ಸ್. ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ಅಡ್ಮಿಷನ್ ದಿನವಾದರೆ ರಾತ್ರಿಯೂ ಅದೇ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೊಂದು ರಜೆ ಕೊಡಬೇಕು ಎಂದು ಶಿಫಾರಸು ಮಾಡಿತು. ಬಹಳ ವಿಭಾಗಗಳಲ್ಲಿ ಅದು ಇನ್ನೂ ಕಾಗದದ ಮೇಲಿದೆ. ನಾನು ವಿಭಾಗದ ಮುಖ್ಯಸ್ಥೆಯಾಗಿದ್ದಾಗ ವಾರದ ರಜೆಯನ್ನು ಹಟ ಹಿಡಿದು ಕೊಡಿಸಿದ್ದೇನೆ. ಕೆಲಸ ನಿಲ್ಲಲಿಲ್ಲ, ತಪ್ಪುಗಳು ಕಡಿಮೆಯಾದವು. ಮನಸ್ಸು ಕುಗ್ಗಿದರೆ ಮುಚ್ಚಿಟ್ಟುಕೊಳ್ಳಬೇಡಿ. ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಡಾಕ್ಟರರು ಕರೆ ಮಾಡಬಾರದೆಂದು ಎಲ್ಲೂ ಬರೆದಿಲ್ಲ.

ಆದರೆ ‘ಹೆಣ್ಣುಮಕ್ಕಳಿಗೆ ಬೇಡ’ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಚೆನ್ನೈನಲ್ಲಿ ಡಾ. ಟಿ.ಎಸ್. ಕನಕಾ ಅವರು 1960ರ ದಶಕದಲ್ಲೇ ನರಶಸ್ತ್ರಚಿಕಿತ್ಸೆಯಲ್ಲಿ ಎಂ.ಸಿ.ಎಚ್. ಪಡೆದು ಮಿದುಳಿನ ಆಪರೇಷನ್ ಮಾಡಿದರು. ನಾನು ಸೇರಿದಾಗ ಹಿರಿಯರೊಬ್ಬರು ‘ಮದುವೆಯಾದ ಮೇಲೆ ಬಿಡುತ್ತೀಯಮ್ಮ, ಒಂದು ಸೀಟು ಹಾಳು’ ಎಂದಿದ್ದರು. ಬಿಡಲಿಲ್ಲ. ಎರಡನೆಯ ಮಗು ಹೊಟ್ಟೆಯಲ್ಲಿದ್ದಾಗ ಏಳನೆಯ ತಿಂಗಳವರೆಗೆ ಥಿಯೇಟರಿನಲ್ಲಿ ನಿಂತೆ. ಸುಲಭವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅತ್ತೆಯವರು ಮನೆ ನೋಡಿಕೊಂಡರು, ಪತಿ ಅಡುಗೆ ಕಲಿತರು. ಆ ಆಸರೆ ಇಲ್ಲದಿದ್ದರೆ ಆಗುತ್ತಿರಲಿಲ್ಲ. ಇದನ್ನು ನೀವು ಮುಂದೆ ಮದುವೆಯ ಮಾತು ಬಂದಾಗ ಮೊದಲೇ ಬಾಯಿಬಿಟ್ಟು ಕೇಳಿಕೊಳ್ಳಬೇಕು. ಸ್ತನದ ಗಂಟು, ಮೂಲವ್ಯಾಧಿ ಹೊತ್ತು ಬರುವ ಹಳ್ಳಿಯ ಹೆಂಗಸರು ಹೆಣ್ಣು ಸರ್ಜನ್ ಇದ್ದಾರೆಂದು ತಿಳಿದರೆ ಎಷ್ಟು ಬೇಗ ಬಂದು ತೋರಿಸುತ್ತಾರೆ, ಎಷ್ಟು ಜೀವ ಉಳಿಯುತ್ತದೆ ಎಂಬುದನ್ನು ನಿಮ್ಮ ತಂದೆಯವರಿಗೆ ಮಾತಿನಲ್ಲಿ ಹೇಳುವುದು ಕಷ್ಟ. ಕಾಲೇಜು ನೋಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ನೀವು ಪಿ.ಜಿ.ಗಳ ಜೊತೆ ಮಾತನಾಡುವಾಗ ಅವರು ಸರ್ಜರಿ ಓ.ಪಿ.ಡಿ.ಯ ಜಗಲಿಯಲ್ಲಿ ಒಂದು ಗಂಟೆ ಕುಳಿತಿರಲಿ.

ಸೇರುವ ಮೊದಲಿನ ತಿಂಗಳುಗಳಲ್ಲಿ ಮತ್ತೆ ಪ್ರಶ್ನೋತ್ತರದ ಪುಸ್ತಕ ಹಿಡಿಯಬೇಡಿ. ಥಿಯೇಟರಿನಲ್ಲಿ ಉಳಿದ ರೇಷ್ಮೆ ದಾರ ಕೇಳಿ ತಂದು ಮಂಚದ ಕಂಬಿಗೆ ಒಂಟಿ ಕೈಯ ಗಂಟು ಹಾಕಿ, ಎಡಗೈಯಲ್ಲೂ ಹಾಕಿ. ನೋಡದೆ ಹಾಕಲು ಬರುವವರೆಗೆ ಹಾಕಿ. ಹೊಟ್ಟೆ, ತೊಡೆಸಂದಿಯ ಇಂಗ್ವೈನಲ್ ಕಾಲುವೆ, ಕುತ್ತಿಗೆ ಇವುಗಳ ಅಂಗರಚನೆಯನ್ನು ಮತ್ತೊಮ್ಮೆ ಚಿತ್ರ ಬರೆದು ಓದಿ. ಥಿಯೇಟರ್ ಸಿಸ್ಟರ್ ಬಳಿ ಕುಳಿತು ಪ್ರತಿ ಉಪಕರಣದ ಹೆಸರು ಕಲಿಯಿರಿ. ಮೊದಲ ವರ್ಷದಲ್ಲಿ ನಿಮ್ಮನ್ನು ಕಾಪಾಡುವವರು ಅವರೇ. ಹೊಟ್ಟೆ ಮುಚ್ಚುವ ಮುನ್ನ ‘ಒಂದು ಮಾಪ್ (ರಕ್ತ ಒರೆಸುವ ಬಟ್ಟೆ) ಕಡಿಮೆ ಇದೆ ಮೇಡಂ’ ಎಂದು ಅವರು ಹೇಳಿದಾಗ ಎಷ್ಟೇ ದೊಡ್ಡ ಸರ್ಜನ್ ಆದರೂ ನಿಲ್ಲಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಪಟ್ಟಿಯನ್ನು ಹೀಗೆ ಬರೆಯುತ್ತಿದ್ದೆ: ಮೊದಲು ಬಳ್ಳಾರಿ, ಹುಬ್ಬಳ್ಳಿ, ಕಲಬುರಗಿ, ಮೈಸೂರು, ಬೆಂಗಳೂರಿನ ಸರ್ಕಾರಿ ಕಾಲೇಜುಗಳ ಎಂ.ಎಸ್. ಇವುಗಳ ಒಳಕ್ರಮವನ್ನು ಹೋಗಿ ನೋಡಿ ಬಂದ ಮೇಲೆ ನೀವೇ ನಿರ್ಧರಿಸಿ. ಅದರ ಕೆಳಗೆ, ಬಡರೋಗಿಗಳ ವಾರ್ಡು ದೊಡ್ಡದಿರುವ ಆಸ್ಪತ್ರೆಗಳ ಡಿ.ಎನ್.ಬಿ. ಅನಂತರ ಉಳಿದ ಜಿಲ್ಲಾ ಕೇಂದ್ರಗಳ ಹೊಸ ಸರ್ಕಾರಿ ಕಾಲೇಜುಗಳು. ಅಲ್ಲಿ ಅರಿವಳಿಕೆ ಮತ್ತು ರಕ್ತನಿಧಿಯ ಬಗ್ಗೆ ಖಚಿತವಾದ ಉತ್ತರ ಸಿಕ್ಕರೆ ಮಾತ್ರ. ನೀವು ಹೆಸರಿಸಿದ ಬೆಂಗಳೂರಿನ ಆಸ್ಪತ್ರೆ ಯಾವ ಸಾಲಿಗೆ ಸೇರುತ್ತದೆ ಎಂಬುದು ಅಲ್ಲಿನ ಎರಡನೆಯ ವರ್ಷದ ಪಿ.ಜಿ. ಹೇಳುವ ಉತ್ತರದ ಮೇಲಿದೆ. ಹೋಗಿ ಕೇಳಿಕೊಂಡು ಬಂದು ನನಗೆ ಮತ್ತೆ ಬರೆಯಿರಿ, ಪಟ್ಟಿಯನ್ನು ಅಂತಿಮಗೊಳಿಸುವ ಮುನ್ನ ಒಟ್ಟಿಗೆ ನೋಡೋಣ.